ಪಾರ್ಕ್ ಗೇರ್‌ನಲ್ಲಿ ಸಿಕ್ಕಿಕೊಂಡ ಗಾಡಿಯನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿ ನೆಲೆಸಿದ್ದೇನೆ. ನನ್ನ ಆಟೊಮ್ಯಾಟಿಕ್ ಪಿಕಪ್ ಟ್ರಕ್ಕಿನಲ್ಲಿ ಗೇರ್ ಲಿವರ್ ಇಲ್ಲ, ತಿರುಗಿಸುವ ಡಯಲ್ ಇದೆ. ಚಳಿಗಾಲದಲ್ಲಿ ಮೂರು ವಾರ ಊರಿಗೆ ಬಂದು ಮರಳುವಷ್ಟರಲ್ಲಿ ಬ್ಯಾಟರಿ ಪೂರ್ತಿ ಇಳಿದಿತ್ತು. ಡಯಲ್ ಎಷ್ಟು ತಿರುಗಿಸಿದರೂ ಗಾಡಿ ಪಾರ್ಕ್‌ನಿಂದ, ಅಂದರೆ ನಿಂತ ಗಾಡಿ ಉರುಳದಂತೆ ತಡೆಯುವ ಗೇರ್ ಸ್ಥಾನದಿಂದ, ಹೊರಬರಲಿಲ್ಲ. ಎಳೆದೊಯ್ಯಲು ಬಂದವರು ಸ್ಟಿಯರಿಂಗ್ ಕೆಳಗಿನ ಮುಚ್ಚಳವೊಂದನ್ನು ತೆಗೆದು ಒಳಗಿದ್ದ ಪಟ್ಟಿಯನ್ನು ಎಳೆದರು. ಎಳೆದೊಡನೆ ಗಾಡಿ ಒಂದು ಗೇಣು ಹಿಂದಕ್ಕೆ ಉರುಳಿತು. ಆ ಪಟ್ಟಿ ಏನು? ಮುಂದೆ ಅಗತ್ಯ ಬಿದ್ದರೆ ನಾನೇ ಅದನ್ನು ಎಳೆಯಬಹುದೇ?

ಉತ್ತರ: ನೀವು ಬರೆದಿರುವ ಆ ಒಂದು ಗೇಣಿನಿಂದಲೇ ಆರಂಭಿಸುತ್ತೇನೆ. ಪಟ್ಟಿ ಎಳೆದಾಗ ಪಾರ್ಕಿಂಗ್ ಬ್ರೇಕ್ ಹಾಕಿರಲಿಲ್ಲ, ಚಕ್ರಕ್ಕೆ ಅಡ್ಡವಾಗಿ ಏನನ್ನೂ ಇಟ್ಟಿರಲಿಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ. ಜಾಗ ಹೆಚ್ಚು ಕಡಿಮೆ ಸಮತಟ್ಟಾಗಿದ್ದುದರಿಂದ ಒಂದು ಗೇಣಿಗೆ ನಿಂತಿತು. ಇಳಿಜಾರಾಗಿದ್ದರೆ ಎರಡು ಟನ್ನಿಗೂ ಹೆಚ್ಚು ತೂಕದ ಗಾಡಿಯನ್ನು ಕೈಯಿಂದ ತಡೆಯಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನಿಂದ ಚಕ್ರಗಳ ಕಡೆಗೆ ಹೋಗುವ ದಂಡಕ್ಕೆ ದಪ್ಪ ಹಲ್ಲುಗಳ ಚಕ್ರವೊಂದನ್ನು ಜೋಡಿಸಿರುತ್ತಾರೆ. ಅದರ ಪಕ್ಕದಲ್ಲಿ ಒಂದು ತುದಿ ಕೀಲಿಗೆ ಸಿಕ್ಕಿಸಿದ ಉಕ್ಕಿನ ತುಂಡು ಇರುತ್ತದೆ. ಪಾರ್ಕ್‌ಗೆ ಹಾಕಿದಾಗ ಆ ತುಂಡು ಎರಡು ಹಲ್ಲುಗಳ ನಡುವೆ ಕುಳಿತು, ಬಾಗಿಲಿನ ಅಗುಳಿಯಂತೆ, ದಂಡ ತಿರುಗದ ಹಾಗೆ ತಡೆಯುತ್ತದೆ. ಗಾಡಿಯನ್ನು ಪಾರ್ಕ್‌ನಲ್ಲಿ ಹಿಡಿದಿಡುವುದು ಈ ಅಂಗೈಗಿಂತ ಚಿಕ್ಕದಾದ ತುಂಡೊಂದೇ. ಹಳೆಯ ಗಾಡಿಗಳಲ್ಲಿ ಲಿವರ್‌ನಿಂದ ಗೇರ್‌ಬಾಕ್ಸಿನವರೆಗೆ ಗಟ್ಟಿ ಕೇಬಲ್ ಇದ್ದು, ಅಗುಳಿಯನ್ನು ಹಾಕುವುದೂ ತೆಗೆಯುವುದೂ ಚಾಲಕನ ಕೈಬಲದಿಂದಲೇ ಆಗುತ್ತಿತ್ತು. ಬ್ಯಾಟರಿ ಸತ್ತರೆ ಅಲ್ಲಿ ಅಡ್ಡ ಬರುವುದು ಲಿವರ್‌ನ ಬುಡದಲ್ಲಿರುವ ಸಣ್ಣ ವಿದ್ಯುತ್ ಬೀಗ ಮಾತ್ರ. ಪಕ್ಕದ ಪುಟ್ಟ ಮುಚ್ಚಳ ತೆಗೆದು ಕೀಲಿಕೈಯಿಂದ ಒತ್ತಿದರೆ ಲಿವರ್ ಸಡಿಲವಾಗುತ್ತದೆ.

ನಿಮ್ಮ ಗಾಡಿಯಲ್ಲಿ ಆ ಕೇಬಲ್ ಇಲ್ಲ. ಡಯಲ್ ಎಂಬುದು ಒಂದು ಸ್ವಿಚ್ ಅಷ್ಟೇ. ಅದು ಯಾವ ಸ್ಥಾನದಲ್ಲಿದೆ ಎಂಬುದನ್ನು ಸೆನ್ಸರ್‌ಗಳು ಗುರುತಿಸಿ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಸಂದೇಶ ಕಳುಹಿಸುತ್ತವೆ. ಬ್ರೇಕ್ ಪೆಡಲ್ ಒತ್ತಲಾಗಿದೆಯೇ, ಗಾಡಿ ನಿಂತಿದೆಯೇ ಎಂದು ನೋಡಿಕೊಂಡ ಮೇಲಷ್ಟೇ ಕಂಪ್ಯೂಟರ್ ನಿಮ್ಮ ಕೋರಿಕೆಯನ್ನು ನಡೆಸಿಕೊಡುತ್ತದೆ. ಕೋರಿಕೆ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ, ಏಕೆಂದರೆ ಹೊಸ ಗಾಡಿ ಕೊಂಡವರಲ್ಲಿ ಹಲವರು ತಾವು ಡಯಲ್ ತಿರುಗಿಸಿದಾಗಲೇ ಅಗುಳಿ ಬಿದ್ದಿತೆಂದು ನಂಬಿರುತ್ತಾರೆ. 2001ರ ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಸ್ಟಿಯರಿಂಗ್ ಪಕ್ಕದ ಪುಟ್ಟ ಕಡ್ಡಿಯಾಗಿ, 2007ರಲ್ಲಿ ಪ್ರದರ್ಶನಗೊಂಡ ಜಾಗ್ವಾರ್ ಎಕ್ಸ್‌ಎಫ್‌ನಲ್ಲಿ ಎಂಜಿನ್ ಶುರುವಾದೊಡನೆ ಮೇಲೇಳುವ ಡಯಲ್ ಆಗಿ ಬಂದ ಈ ಏರ್ಪಾಡು ಈಗ ಸಾಮಾನ್ಯ ಬೆಲೆಯ ಕಾರುಗಳಿಗೂ ಇಳಿದಿದೆ.

ಇಂಥ ಅನೇಕ ಎಂಟು ಗೇರಿನ ಪೆಟ್ಟಿಗೆಗಳಲ್ಲಿ ಅಗುಳಿಯನ್ನು ಹಲ್ಲಿನೊಳಕ್ಕೆ ತಳ್ಳುವುದು ಸ್ಪ್ರಿಂಗ್; ಹೊರಕ್ಕೆ ಎಳೆಯುವುದು ಗೇರ್‌ಬಾಕ್ಸಿನ ಎಣ್ಣೆಯ ಒತ್ತಡ; ಎಳೆದದ್ದನ್ನು ಹಾಗೆಯೇ ಹಿಡಿದಿಡುವುದು ವಿದ್ಯುತ್ ಅಯಸ್ಕಾಂತ. ಎಣ್ಣೆಯ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತು ವಿದ್ಯುತ್ತೂ ಹೋದರೆ ಉಳಿಯುವ ಶಕ್ತಿ ಸ್ಪ್ರಿಂಗಿನದು ಮಾತ್ರವಾದ್ದರಿಂದ ಗಾಡಿ ಪಾರ್ಕ್‌ನಲ್ಲೇ ಉಳಿಯುತ್ತದೆ. ಇದು ದೋಷವಲ್ಲ, ಕರೆಂಟು ಹೋದಾಗ ಗಾಡಿ ಉರುಳುವುದಕ್ಕಿಂತ ಕದಲದೆ ನಿಲ್ಲುವುದೇ ಮೇಲು ಎಂದು ಯೋಚಿಸಿ ಮಾಡಿದ ವಿನ್ಯಾಸ. ಆದರೆ ಕೆಟ್ಟು ನಿಂತ ಗಾಡಿಯನ್ನು ಸಾಗಿಸಲೇಬೇಕಲ್ಲ? ಅದಕ್ಕಾಗಿ ಉಳಿಸಿರುವ ಒಂದೇ ಒಂದು ಕೇಬಲ್‌ನ ತುದಿ ನೀವು ಕಂಡ ಪಟ್ಟಿ. ಅದನ್ನು ಎಳೆದಾಗ ಕಂಪ್ಯೂಟರಿನ ಅಪ್ಪಣೆಗೆ ಕಾಯದೆ ಅಗುಳಿಯೇ ಹಲ್ಲಿನಿಂದ ಮೇಲೇಳುತ್ತದೆ. ಹಳೆಯ ಲಿವರ್‌ನ ಪಕ್ಕದ ಮುಚ್ಚಳ ಲಿವರನ್ನು ಮಾತ್ರ ಬಿಡಿಸುತ್ತಿತ್ತು, ಇದು ಇಡೀ ಗಾಡಿಯನ್ನೇ ಬಿಡಿಸುತ್ತದೆ. ಎರಡೂ ಒಂದೇ ಎಂದು ತಿಳಿದವರಿಗೇ ಅಪಘಾತವಾಗುವ ಸಂಭವ ಹೆಚ್ಚು.

ನಿಮ್ಮ ಗಾಡಿಯ ಹೆಸರನ್ನು ನೀವು ಬರೆದಿಲ್ಲ. 2013ರ ಮಾದರಿಯಿಂದ ಎಂಟು ಗೇರಿನೊಡನೆ ಡಯಲ್ ಬಂದ ರ‍್ಯಾಮ್ 1500ರಲ್ಲಿ ಈ ಪಟ್ಟಿ ಸ್ಟಿಯರಿಂಗ್ ಕಂಬದ ಎಡಭಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ, ಚಿಕ್ಕ ಮುಚ್ಚಳದ ಹಿಂದಿದೆ. ಬೇರೆ ಗಾಡಿಗಳಲ್ಲಿ ಬೇರೆ ಕಡೆ ಇರುತ್ತದೆ, ಕೈಪಿಡಿ ನೋಡಿ ಹಗಲು ಹೊತ್ತಿನಲ್ಲೇ ಹುಡುಕಿಟ್ಟುಕೊಳ್ಳಿ. ನೀವೇ ಎಳೆಯಬಹುದು, ಆದರೆ ಕ್ರಮ ತಪ್ಪಬಾರದು: ಮೊದಲು ಪಾರ್ಕಿಂಗ್ ಬ್ರೇಕನ್ನು ಪೂರ್ತಿ ಬಿಗಿಮಾಡಿ, ಸೀಟಿನಲ್ಲಿ ಕುಳಿತು ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿಕೊಂಡೇ ಪಟ್ಟಿಯನ್ನು ಎಳೆಯಬೇಕು, ಗಾಡಿಯನ್ನು ಎಳೆದೊಯ್ಯುವ ಟೋ ವಾಹನಕ್ಕೆ ಭದ್ರವಾಗಿ ಕಟ್ಟಿದ ಮೇಲಷ್ಟೇ ಪಾರ್ಕಿಂಗ್ ಬ್ರೇಕ್ ಬಿಡಬೇಕು. ಬಾಗಿಲಾಚೆ ನಿಂತು ಒಳಗೆ ಕೈಹಾಕಿ ಎಳೆಯುವುದನ್ನು ಯಾರೂ ಮಾಡಕೂಡದು. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಅದರ ಸ್ಥಾನಕ್ಕೆ ಮರಳಿಸದಿದ್ದರೆ ಪಾರ್ಕ್ ಕೆಲಸ ಮಾಡುವುದಿಲ್ಲ.

ಇಲ್ಲೊಂದು ತೊಡಕಿದೆ. ಗುಂಡಿ ಒತ್ತಿ ಹಾಕುವ ವಿದ್ಯುತ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯಲ್ಲಿ ಬ್ಯಾಟರಿ ಸತ್ತಿದ್ದರೆ ಅದನ್ನು ಹಾಕಲೂ ಆಗದು, ಮೊದಲೇ ಹಾಕಿದ್ದರೆ ಬಿಡಿಸಲೂ ಆಗದು. ಹಾಕಿರದ ಗಾಡಿಗೆ ಚಕ್ರದಡಿ ಮರದ ತುಂಡುಗಳನ್ನು ಕೊಡುವುದೊಂದೇ ದಾರಿ. ನಮ್ಮ ಘಟ್ಟದ ರಸ್ತೆಗಳಲ್ಲಿ ಲಾರಿ ನಿಂತ ಕೂಡಲೇ ಕ್ಲೀನರ್ ಇಳಿದು ಹಿಂಚಕ್ರಕ್ಕೆ ಕಲ್ಲು ಕೊಡುವುದನ್ನು ನೀವು ನೋಡಿರುತ್ತೀರಿ. ಆ ಎಚ್ಚರಕ್ಕೆ ಬದಲಿಯಾದದ್ದು ಇನ್ನೂ ಬಂದಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ಪಟ್ಟಿಯಲ್ಲ, ಬೇರೆ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್. ವಿದ್ಯುತ್ ಬಂದು ಎಂಜಿನ್ ತಿರುಗಿದರೆ ಹೆಚ್ಚಿನ ಸಂದರ್ಭಗಳಲ್ಲಿ ಡಯಲ್ ಮೊದಲಿನಂತೆ ಕೆಲಸ ಮಾಡುತ್ತದೆ, ಟೋ ಮಾಡುವ ಪ್ರಮೇಯವೇ ಬರುವುದಿಲ್ಲ. ಟೋ ಮಾಡಲೇಬೇಕಾದರೆ ಎಂಜಿನ್ನಿನ ಬಲ ಪಡೆಯುವ ಚಕ್ರಗಳು ನೆಲಕ್ಕೆ ತಾಗದಂತೆ ಸಾಗಿಸಿ. ಪಂಪ್ ತಿರುಗದೆ ಎಣ್ಣೆ ಹರಿಯುವುದಿಲ್ಲ, ಎಣ್ಣೆ ಹರಿಯದೆ ಚಕ್ರ ತಿರುಗಿದರೆ ಗೇರ್‌ಬಾಕ್ಸ್ ಒಳಗೇ ಸವೆದು ಹಾಳಾಗುತ್ತದೆ.

ಪ್ರಶ್ನೆ: ಇಂಥ ಗೇರ್‌ಗಳಿಂದ ಜೀವ ಹೋದದ್ದುಂಟು ಎಂದು ಕೇಳಿದ್ದೇನೆ. ನಿಜವೇ? (ಮೈಸೂರಿನ ಓದುಗರು)

ಉತ್ತರ: ನಿಜ. ಫಿಯೆಟ್ ಕ್ರೈಸ್ಲರ್ ಕಂಪನಿ 2014 ಮತ್ತು 2015ರ ಮಾದರಿಯ ಜೀಪ್ ಗ್ರ್ಯಾಂಡ್ ಚೆರೋಕಿಯಲ್ಲೂ 2012ರಿಂದ 2014ರವರೆಗಿನ ಕ್ರೈಸ್ಲರ್ 300 ಮತ್ತು ಡಾಜ್ ಚಾರ್ಜರ್‌ಗಳಲ್ಲೂ ಅಳವಡಿಸಿದ್ದ ಲಿವರ್ ಪ್ರತಿ ಸಲ ತಳ್ಳಿದ ಮೇಲೂ ನಡುವಿನ ಸ್ಥಾನಕ್ಕೇ ಮರಳುತ್ತಿತ್ತು. ಹಳೆಯ ಲಿವರ್ ಎಲ್ಲಿ ನಿಂತಿದೆ ಎಂಬುದೇ ಗೇರ್ ಯಾವುದೆಂದು ಹೇಳುತ್ತಿತ್ತು. ಇಲ್ಲಿ ಕೈಗೆ ಆ ಸುಳಿವು ಸಿಗುತ್ತಿರಲಿಲ್ಲ. ಪಾರ್ಕ್‌ಗೆ ಹಾಕಿದ್ದೇವೆಂದು ನಂಬಿ ಇಳಿದವರ ಗಾಡಿಗಳು ಉರುಳತೊಡಗಿದವು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ತನಿಖೆ ನಡೆಸಿತು, 2016ರ ಏಪ್ರಿಲ್‌ನಲ್ಲಿ ಸುಮಾರು 11 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸುವ ರಿಕಾಲ್ ಪ್ರಕಟವಾಯಿತು. ಅದಾಗಿ ಎರಡು ತಿಂಗಳಿಗೆ, ಜೂನ್ 19ರಂದು, ಹಾಲಿವುಡ್ ನಟ ಆಂಟನ್ ಯೆಲ್ಚಿನ್ ಲಾಸ್ ಏಂಜಲೀಸ್‌ನ ತಮ್ಮ ಮನೆಯ ಇಳಿಜಾರು ದಾರಿಯಲ್ಲಿ ಹಿಂದಕ್ಕೆ ಉರುಳಿದ ತಮ್ಮದೇ ಗ್ರ್ಯಾಂಡ್ ಚೆರೋಕಿಗೂ ಇಟ್ಟಿಗೆಯ ಕಂಬಕ್ಕೂ ನಡುವೆ ಸಿಲುಕಿ ತೀರಿಕೊಂಡರು. ಅವರಿಗೆ 27 ವರ್ಷ. ನಿಂತ ಗಾಡಿಯಿಂದ ಚಾಲಕ ಇಳಿಯಹೊರಟರೆ ತಾನಾಗಿ ಪಾರ್ಕ್‌ಗೆ ಬೀಳುವ ಸಾಫ್ಟ್‌ವೇರನ್ನು ಆಮೇಲೆ ಆ ಗಾಡಿಗಳಿಗೆ ಹಾಕಿದರು. ಅದು ಹೆಚ್ಚುವರಿ ರಕ್ಷಣೆ ಮಾತ್ರ. ಪರದೆಯ ಮೇಲೆ ಪಿ ಅಕ್ಷರ ಕಾಣುವವರೆಗೆ ಪೆಡಲಿನಿಂದ ಕಾಲು ತೆಗೆಯಬೇಡಿ, ಪಾರ್ಕಿಂಗ್ ಬ್ರೇಕ್ ಹಾಕದೆ ಇಳಿಯಬೇಡಿ. ಇಳಿಜಾರಿನಲ್ಲಿ ಮೊದಲು ಪಾರ್ಕಿಂಗ್ ಬ್ರೇಕ್ ಹಾಕಿ ಆಮೇಲೆ ಪಾರ್ಕ್‌ಗೆ ಹೋದರೆ ಗಾಡಿಯ ಭಾರ ಅಗುಳಿಯ ಮೇಲೆ ಬೀಳುವುದಿಲ್ಲ, ಮರುದಿನ ಗೇರ್ ತೆಗೆಯುವಾಗ ಕೇಳುವ ಆ ದಢ್ ಎಂಬ ಸದ್ದೂ ಇರುವುದಿಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನಲ್ಲಿ ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಈ ತೊಂದರೆ ಬರಲಾರದಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಬರುತ್ತದೆ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್‌ಗಳೂ ಗೇರ್ ಡಯಲ್ಲೂ ಕಂಪ್ಯೂಟರ್‌ಗಳೂ ನಡೆಯುವುದು 12 ವೋಲ್ಟಿನ ಪುಟ್ಟ ಬ್ಯಾಟರಿಯಿಂದ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಪಾರ್ಕ್‌ನಿಂದ ಕದಲುವುದಿಲ್ಲ. ಕೈಯಿಂದ ಎಳೆಯುವ ಪಟ್ಟಿ ಎಲ್ಲ ಕಾರುಗಳಲ್ಲೂ ಇರುವುದಿಲ್ಲ. 2003ರಲ್ಲಿ ಬಂದ ಎರಡನೇ ತಲೆಮಾರಿನ ಟೊಯೊಟಾ ಪ್ರಿಯಸ್ ಹೈಬ್ರಿಡ್ಡಿನಲ್ಲಿ ಅಗುಳಿಯನ್ನು ಸರಿಸುವುದು ಒಂದು ಚಿಕ್ಕ ವಿದ್ಯುತ್ ಮೋಟಾರು. ಆ 12 ವೋಲ್ಟಿಗೆ ಹೊರಗಿನಿಂದ ವಿದ್ಯುತ್ ಕೊಡದೆ ಅದು ಅಲುಗದು. ನಿಮ್ಮ ಕಾರು ನೆಲಮಾಳಿಗೆಯಲ್ಲಿ ನಿಲ್ಲುವುದಾದರೆ, ಅಲ್ಲಿಗೆ ಟೋ ಲಾರಿ ಇಳಿಯುವುದು ಕಷ್ಟವಾದ್ದರಿಂದ, ಕೈಯಲ್ಲಿ ಹಿಡಿಯುವಂಥ ಜಂಪ್ ಸ್ಟಾರ್ಟರ್ ಒಂದನ್ನು ಮನೆಯಲ್ಲಿಟ್ಟುಕೊಳ್ಳಿ. ಕಾರಿನೊಳಗೆ ಇಡಬೇಡಿ, 12 ವೋಲ್ಟ್ ಸತ್ತಾಗ ಡಿಕ್ಕಿಯೂ ತೆರೆಯದಿರಬಹುದು.