ಅಪ್ಪ ಎ, ಅಮ್ಮ ಬಿ, ನಾನು ಓ: ಇದು ಸಾಧ್ಯವಾ?

ಅಪ್ಪನ ರಕ್ತದ ಗುಂಪು ಎ, ಅಮ್ಮನದು ಬಿ, ನಿಮ್ಮದು ಓ ಅಂತ ಬಂದಿದೆ. ಸಾಲದ್ದಕ್ಕೆ ತಂಗಿಗೂ ನಿಮಗೂ ಹೋಲಿಕೆಯೇ ಇಲ್ಲ. ಎಲ್ಲೋ ಏನೋ ತಪ್ಪಾಗಿದೆಯಾ ಅಂತ ಕೇಳಿದ್ದೀರಿ. ಇಷ್ಟಕ್ಕೇ ಅನುಮಾನ ಪಡುವ ಅಗತ್ಯವೇ ಇಲ್ಲ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅನುವಂಶೀಯತೆಯ ಪಾಠ ಮುಗಿದ ಮೇಲೆ ಯಾರಾದರೂ ಒಬ್ಬರು ಮೆಲ್ಲಗೆ ಬಂದು ಇಂಥದ್ದೇ ಪ್ರಶ್ನೆ ಕೇಳುತ್ತಾರೆ.

ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಜೀನುಗಳೂ, ಅಂದರೆ ಅಪ್ಪ ಅಮ್ಮನಿಂದ ಬರುವ ಗುಣಗಳ ಸೂಚನೆಗಳು, ಎರಡೆರಡು ಪ್ರತಿಯಲ್ಲಿರುತ್ತವೆ. ಒಂದು ಅಪ್ಪನಿಂದ ಬಂದದ್ದು, ಇನ್ನೊಂದು ಅಮ್ಮನಿಂದ. ರಿಪೋರ್ಟಿನಲ್ಲಿ ಕಾಣುವುದು ಈ ಎರಡೂ ಸೇರಿ ಮಾಡಿದ ಕೆಲಸ ಮಾತ್ರ. ಒಳಗೆ ಯಾವ ಯಾವ ಪ್ರತಿ ಇದೆ ಅಂತ ಅದು ಹೇಳುವುದಿಲ್ಲ.

ರಕ್ತದ ಗುಂಪನ್ನೇ ನೋಡಿ. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆ ಕಣಗಳ ಪುಟ್ಟ ಸರಪಳಿಗಳಿರುತ್ತವೆ. ಎ ಪ್ರತಿ ಇದ್ದರೆ, ಆ ಸರಪಳಿಯ ತುದಿಗೆ ಒಂದು ಬಗೆಯ ಸಕ್ಕರೆ ಅಂಟಿಸುವ ಕಿಣ್ವ (ಎನ್‌ಜೈಮ್) ತಯಾರಾಗುತ್ತದೆ. ಬಿ ಪ್ರತಿಯ ಕಿಣ್ವ ಇನ್ನೊಂದು ಬಗೆಯ ಸಕ್ಕರೆ ಅಂಟಿಸುತ್ತದೆ. ಓ ಪ್ರತಿಯಿಂದ ಕೆಲಸಕ್ಕೆ ಬರುವ ಕಿಣ್ವ ಆಗುವುದೇ ಇಲ್ಲ, ಹಾಗಾಗಿ ಏನೂ ಅಂಟುವುದಿಲ್ಲ. ಈಗ ಒಬ್ಬರಲ್ಲಿ ಒಂದು ಎ, ಒಂದು ಓ ಇದೆ ಅಂದುಕೊಳ್ಳಿ. ಎ ತನ್ನ ಪಾಡಿಗೆ ಸಕ್ಕರೆ ಅಂಟಿಸುತ್ತದೆ, ಓ ಸುಮ್ನೆ ಕೂತಿರುತ್ತದೆ. ರಿಪೋರ್ಟಿನಲ್ಲಿ ಬರುವುದು ಎ. ನಿಮ್ಮ ಅಪ್ಪ ಇಂಥವರು. ಅಮ್ಮನಲ್ಲೂ ಹಾಗೇ, ಬಿ ಹಿಂದೆ ಒಂದು ಓ ಇದೆ.

ಅಂಡಾಣು, ವೀರ್ಯಾಣು ತಯಾರಾಗುವಾಗ ಈ ಜೋಡಿ ಬೇರೆಯಾಗುತ್ತದೆ. ಜೀನುಗಳನ್ನು ಹೊತ್ತಿರುವ ಎಳೆಗಳಿಗೆ ವರ್ಣತಂತು ಅನ್ನುತ್ತಾರೆ. ಬೇರೆ ಜೀವಕೋಶಗಳಲ್ಲಿ 46 ವರ್ಣತಂತುಗಳು, ಅಂದರೆ 23 ಜೋಡಿ, ಇದ್ದರೆ ಇವುಗಳಲ್ಲಿ 23 ಮಾತ್ರ. ಅಪ್ಪನ ಓ, ಅಮ್ಮನ ಓ ಎರಡೂ ನಿಮ್ಮ ಪಾಲಿಗೆ ಬಂದವು, ಅಷ್ಟೇ. ಇಂಥ ಅಪ್ಪ ಅಮ್ಮನಿಗೆ ಹುಟ್ಟುವ ಮಗು ಎ, ಬಿ, ಎಬಿ, ಓ ಯಾವುದಾದರೂ ಆಗಬಹುದು, ಒಂದೊಂದಕ್ಕೂ ನಾಲ್ಕರಲ್ಲಿ ಒಂದು ಸಾಧ್ಯತೆ. ನಾಲ್ಕು ಮಕ್ಕಳಾದರೆ ನಾಲ್ಕು ಗುಂಪು ಬಂದೇ ಬರುತ್ತವೆ ಅಂತಲ್ಲ. ಪ್ರತಿ ಸಲವೂ ಲೆಕ್ಕ ಮೊದಲಿನಿಂದ ಶುರು.

ಹೀಗೆ ಒಂದು ಗುಣ ಅಡಗಿ ಕೂತು ಮುಂದಿನ ತಲೆಮಾರಿನಲ್ಲಿ ಎದ್ದು ಬರುವುದನ್ನು ಎಣಿಸಿ ತೋರಿಸಿದವನು ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ ಸನ್ಯಾಸಿ ಮೆಂಡೆಲ್. ದುಂಡು ಬಟಾಣಿಗೂ ಸುಕ್ಕು ಬಟಾಣಿಗೂ ಸಂಕರ ಮಾಡಿದ, ಅಂದರೆ ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಹಾಕಿದ. ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡು. ಅವುಗಳ ಮುಂದಿನ ತಲೆಮಾರಿನಲ್ಲಿ 5,474 ದುಂಡು, 1,850 ಸುಕ್ಕು, ಅಂದರೆ ಸುಮಾರು ಮೂರಕ್ಕೆ ಒಂದು. 1866ರಲ್ಲಿ ಇದು ಅಚ್ಚಾಯಿತು. 1900ರವರೆಗೆ ಹೆಚ್ಚು ಜನ ತಿರುಗಿಯೂ ನೋಡಲಿಲ್ಲ! ಆ ಸುಕ್ಕಿನ ಕಾರಣವೂ ಚೆನ್ನಾಗಿದೆ. ಪಿಷ್ಟ ಕಟ್ಟುವ ಒಂದು ಕಿಣ್ವ ಕೈಕೊಡುತ್ತದೆ. ಕಾಳಿನಲ್ಲಿ ಸಕ್ಕರೆ ಜಾಸ್ತಿ ಉಳಿಯುತ್ತದೆ, ಅದು ನೀರು ಎಳೆದುಕೊಂಡು ಊದುತ್ತದೆ, ಒಣಗಿದಾಗ ಸಿಪ್ಪೆ ಸುಕ್ಕುಗಟ್ಟುತ್ತದೆ. ಆ ಜೀನಿನ ಒಂದು ಪ್ರತಿ ಸರಿಯಿದ್ದರೂ ಸಾಕು, ಕಾಳು ದುಂಡಗಿರುತ್ತದೆ.

ಇನ್ನು ತಂಗಿಯ ವಿಷಯ. 23 ಜೋಡಿಗಳಲ್ಲಿ ಪ್ರತಿ ಜೋಡಿಯಿಂದ ಯಾವುದೋ ಒಂದು ಹೋಗುತ್ತದೆ ಅಂದರೆ, ಒಬ್ಬರಿಂದಲೇ 83,88,608 ಬಗೆಯ ಕೂಟಗಳು ಸಾಧ್ಯ. ಅದೂ ಸಾಲದು ಅಂತ, ಬೇರೆಯಾಗುವ ಮೊದಲು ಜೋಡಿ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇಸ್ಪೀಟು ಎಲೆ ಹಂಚುವ ಮೊದಲು ಎಲೆಗಳನ್ನೇ ಹರಿದು ಅಂಟಿಸಿದ ಹಾಗೆ. ನೀವಿಬ್ಬರೂ ತದ್ರೂಪಿಗಳ ಥರ ಇದ್ದಿದ್ದರೇ ಆಶ್ಚರ್ಯ ಪಡಬೇಕಿತ್ತು, ಅಲ್ವಾ? ಮುಖ, ಎತ್ತರ, ಬಣ್ಣ ಇವೆಲ್ಲ ಒಂದೇ ಜೀನಿನ ಕೆಲಸವೂ ಅಲ್ಲ. ಎತ್ತರಕ್ಕೆ ನೂರಾರು ಜೀನುಗಳ ಕೈ ಇದೆ, ಜೊತೆಗೆ ಬಾಲ್ಯದ ಊಟ, ಆರೋಗ್ಯವೂ ಸೇರುತ್ತವೆ. ಹೋಲಿಕೆ ನೋಡಿ ಸಂಬಂಧ ಅಳೆಯುವುದು ನನ್ನ ಪ್ರಕಾರ ಸುಮ್ಮನೆ ತಲೆನೋವು.

ಎಬಿ ಗುಂಪಿನವರಿಗೆ ಓ ಮಗು ಹುಟ್ಟಿದರೆ? ಸಾಮಾನ್ಯವಾಗಿ ಆಗುವುದಿಲ್ಲ. ಅಂಥ ಕಡೆ ಮೊದಲು ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿಸಬೇಕು. 1952ರಲ್ಲಿ ಮುಂಬೈಯಲ್ಲಿ ಪತ್ತೆಯಾದ ಬಾಂಬೆ ರಕ್ತಗುಂಪು ಅಂತ ಒಂದಿದೆ. ಇದು ಇರುವವರಲ್ಲಿ ಸರಪಳಿಯ ತುದಿಯೇ ಸರಿಯಾಗಿ ತಯಾರಾಗಿರುವುದಿಲ್ಲ. ಎ, ಬಿ ಜೀನು ಇದ್ದರೂ ಅಂಟಿಸಲು ಜಾಗವಿಲ್ಲ, ಮಾಮೂಲಿ ಪರೀಕ್ಷೆಯಲ್ಲಿ ಓ ಅಂತ ಕಾಣುತ್ತದೆ. ಇದು ತೀರಾ ಅಪರೂಪ, ನಿಮ್ಮ ಮನೆಯ ಲೆಕ್ಕಕ್ಕೆ ಬೇಕಾಗಿಯೂ ಇಲ್ಲ.

ನಿಮ್ಮ ಒಂದು ರಿಪೋರ್ಟಿನಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ತಂಗಿಯದು ಎ ಬಂದಿದ್ದರೆ ಅವರಲ್ಲೂ ಒಂದು ಓ ಇರಲೇಬೇಕು. ಅಮ್ಮನ ಹತ್ತಿರ ಇರುವುದು ಬಿ ಮತ್ತು ಓ ಮಾತ್ರ. ಬಿ ಕೊಟ್ಟಿದ್ದರೆ ತಂಗಿ ಎಬಿ ಆಗುತ್ತಿದ್ದರು.