ಮೊದಲ ಕರಡು ಕೈಯಲ್ಲೇ ಇರಲಿ
ಕಥೆಯ ಮೊದಲ ಕರಡನ್ನು ಕೈಯಲ್ಲಿ ಬರೆಯಲಾ, ನೇರ ಕಂಪ್ಯೂಟರಿನಲ್ಲೇ ಬರೆಯಲಾ ಅಂತ ಕೇಳಿದ್ದೀರಿ. ಟೈಪಿಂಗ್ ಇನ್ನೂ ಕೈಗೆ ಹತ್ತಿಲ್ಲ ಅಂತಲೂ ಹೇಳಿದ್ದೀರಲ್ಲ, ಹಾಗಿದ್ದರೆ ಸದ್ಯಕ್ಕೆ ಕೈಯಲ್ಲೇ ಬರೆಯಿರಿ.

'ಸೂರ್ಯ' ಅನ್ನೋ ಪದ ನೋಡಿ. ಕೈಯಲ್ಲಾದರೆ ಸೂ ಆಯಿತು, ಯ ಆಯಿತು, ಕೊನೆಗೆ ಪಕ್ಕದಲ್ಲೊಂದು ಅರ್ಕಾವತ್ತು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡೋಕೆ ಬಳಸುವ ಕೆ.ಪಿ. ರಾವ್ ಕೀಲಿಮಣೆಯಲ್ಲಿ ಹಾಗಲ್ಲ, ಮೊದಲು ರ, ಆಮೇಲೆ ಅಕ್ಷರ ಕೂಡಿಸೋಕೆ ಎಫ್ ಒತ್ತಿ ಯ. ಅಭ್ಯಾಸವಾದರೆ ಸಲೀಸು. ಆದರೆ ಮನಸ್ಸು ಕಥೆಯಲ್ಲಿರಬೇಕಾದ ಹೊತ್ತಿನಲ್ಲಿ ಬೆರಳು ಎಫ್ ಹುಡುಕುತ್ತಾ ಕೂತರೆ ಮಾತು ಹಾರಿಹೋಗುತ್ತದೆ, ನಾನು ಹೀಗೇ ಒಂದಿಡೀ ಸಂಭಾಷಣೆ ಮರೆತಿದ್ದೇನೆ.

ಹಾಗಂತ ಟೈಪಿಂಗ್ ಬಿಡಬೇಡಿ. ದಿನಾ ಅರ್ಧ ಗಂಟೆ ನಿಮ್ಮ ಹಳೇ ಕರಡನ್ನೇ ಟೈಪ್ ಮಾಡಿ, ತಿದ್ದುವ ಕೆಲಸವೂ ಜೊತೆಗೇ ಆಗುತ್ತದೆ. ಪ್ಯಾರಾ ಎತ್ತಿ ಮೇಲೆ ಕೆಳಗೆ ಇಡೋದಕ್ಕೆ ಕಂಪ್ಯೂಟರೇ ಸರಿ. ನನ್ನ ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕಿಂತ ಬಾಣದ ಗುರುತೇ ಜಾಸ್ತಿ, ಯಾವುದು ಎಲ್ಲಿಗೆ ಅಂತ ನನಗೇ ಗೊತ್ತಾಗುವುದಿಲ್ಲ!

ಇನ್ನೊಂದು ಮಾತು. ಸಾಫ್ಟ್‌ವೇರ್ ಯಾವುದೇ ಇರಲಿ, ಯಾವ ಕಂಪ್ಯೂಟರ್, ಮೊಬೈಲಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನಾನು ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಥೆಯನ್ನು ಸ್ನೇಹಿತ ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸಿತ್ತು.