ಬ್ಯಾಕ್ಟೀರಿಯಾದೊಳಗಿನ ಕಣಗಳು ಕಸವೇ?

ಬ್ಯಾಕ್ಟೀರಿಯಾಕ್ಕೆ ಕಣದಂಗಗಳಿಲ್ಲ (ಕೋಶದೊಳಗೆ ಪೊರೆ ಸುತ್ತಿಕೊಂಡು ನಿರ್ದಿಷ್ಟ ಕೆಲಸ ಮಾಡುವ ಭಾಗಗಳಿಲ್ಲ) ಎಂದ ಮೇಲೆ ಸೂಕ್ಷ್ಮದರ್ಶಕದಲ್ಲಿ ಅದರೊಳಗೆ ಕಾಣುವ ಕಣಗಳೇನು, ಹೊರಹಾಕಲಾಗದೆ ಉಳಿದ ತ್ಯಾಜ್ಯವೇ ಎಂದು ಕೇಳಿದ್ದೀರಿ. ತ್ಯಾಜ್ಯವಲ್ಲ. ಆದರೂ ನಿಮ್ಮ ಅನುಮಾನ ನನಗೆ ಹೊಸದಲ್ಲ. ವಿದ್ಯಾರ್ಥಿಯಾಗಿದ್ದಾಗ ಡಿಫ್ತೀರಿಯಾ ಗುಂಪಿನ ಬ್ಯಾಕ್ಟೀರಿಯಾಕ್ಕೆ ಆಲ್ಬರ್ಟ್ ಬಣ್ಣ ಹಾಕಿ ನೋಡಿದೆ. ಹಸಿರು ಕಡ್ಡಿಗಳ ತುದಿಯಲ್ಲಿ ಕಪ್ಪು ಚುಕ್ಕೆಗಳು. ಸರಿಯಾಗಿ ತೊಳೆಯದೆ ಉಳಿದ ಕೊಳೆ ಎಂದುಕೊಂಡು ಎರಡು ಸಲ ಸ್ಲೈಡನ್ನು ಹೊಸದಾಗಿ ಮಾಡಿದೆ. ಚುಕ್ಕೆಗಳು ಹೋಗಲಿಲ್ಲ. ಅವು ವೊಲ್ಯುಟಿನ್ ಕಣಗಳು, ಅಂದರೆ ಫಾಸ್ಫೇಟನ್ನು ಸರಪಳಿಯಾಗಿ ಪೋಣಿಸಿಟ್ಟ ದಾಸ್ತಾನು.

ಪೋಣಿಸುವುದರಲ್ಲೇ ಜಾಣತನವಿದೆ. ಸಾವಿರ ಗ್ಲೂಕೋಸ್ ಅಣುಗಳು ಬಿಡಿಬಿಡಿಯಾಗಿ ಕರಗಿದ್ದರೆ ಅಭಿಸರಣದಿಂದ ನೀರು ಕೋಶದೊಳಕ್ಕೆ ನುಗ್ಗುತ್ತದೆ. ಅವನ್ನೇ ಕೂಡಿಸಿ ಒಂದು ಗ್ಲೈಕೋಜನ್ ಅಣು ಮಾಡಿದರೆ ಅಭಿಸರಣದ ಲೆಕ್ಕಕ್ಕೆ ಅದು ಒಂದೇ ಅಣು. ಸರಕು ಅಷ್ಟೇ ಇರುತ್ತದೆ, ಒತ್ತಡ ಮಾತ್ರ ಇಲ್ಲವಾಗುತ್ತದೆ.

ಇಂಗಾಲ ಧಾರಾಳವಾಗಿದ್ದು ಸಾರಜನಕವೋ ರಂಜಕವೋ ಸಾಲದೆ ಬೆಳವಣಿಗೆ ನಿಂತಾಗ ಅನೇಕ ಬ್ಯಾಕ್ಟೀರಿಯಾಗಳು ಪಿಎಚ್‌ಬಿ ಎಂಬ ಪಾಲಿಯೆಸ್ಟರನ್ನು ಕೂಡಿಡುತ್ತವೆ. 1926ರಲ್ಲಿ ಮಾರಿಸ್ ಲೆಮ್ವಾನ್ ಇದನ್ನು ಗುರುತಿಸಿದರು. ಕ್ಯೂಪ್ರಿಯಾವಿಡಸ್ ನೆಕೇಟರ್ ಎಂಬ ಬ್ಯಾಕ್ಟೀರಿಯಾದ ಒಣ ತೂಕದಲ್ಲಿ ಶೇ. 80ರಷ್ಟು ಇದೇ ಆಗಿರಬಹುದು. ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್ ಮಾಡುವವರ ಕಣ್ಣು ಇದರ ಮೇಲಿರುವುದು ಸಹಜ.

ನನಗೆ ಅಚ್ಚುಮೆಚ್ಚಿನದು ಮಾತ್ರ 1997ರಲ್ಲಿ ನಮೀಬಿಯಾದ ಕಡಲತಳದಲ್ಲಿ ಸಿಕ್ಕ ಥಿಯೋಮಾರ್ಗರಿಟಾ ಎಂಬ ಬ್ಯಾಕ್ಟೀರಿಯಾ. ಕೆಲವು ಕೋಶಗಳು 0.75 ಮಿಲಿಮೀಟರಿನವರೆಗೂ ಬೆಳೆಯುತ್ತವೆ, ಬರಿಗಣ್ಣಿಗೇ ಕಾಣುತ್ತವೆ. ಅದು ಬದುಕಲು ಕೆಸರಿನ ಸಲ್ಫೈಡ್ ಬೇಕು, ಅದನ್ನು ಉತ್ಕರ್ಷಿಸಲು ಮೇಲಿನ ನೀರಿನ ನೈಟ್ರೇಟ್ ಬೇಕು. ಎರಡೂ ಒಂದೇ ಹೊತ್ತಿಗೆ ಸಿಗುವುದು ಕಷ್ಟ. ಹಾಗಾಗಿ ಅಂಚಿನ ತೆಳು ಪದರದಲ್ಲಿ ಗಂಧಕದ ಗುಳಿಗೆಗಳು, ನಡುವಿನ ದೊಡ್ಡ ರಸದಾನಿಯಲ್ಲಿ ನೈಟ್ರೇಟ್. ಗಂಧಕ ಆಹಾರವಾದರೆ ನೈಟ್ರೇಟ್ ಉಸಿರು; ಎರಡನ್ನೂ ಹೊತ್ತುಕೊಂಡೇ ಕಾಯುತ್ತದೆ.

ಎಲ್ಲ ಕಣಗಳೂ ಉಗ್ರಾಣಗಳಲ್ಲ. ಸಯನೋಬ್ಯಾಕ್ಟೀರಿಯಾಗಳು ತೇಲಲು ಬಳಸುವ ಅನಿಲಕೋಶಿಕೆಗಳ ಗೋಡೆ ಶುದ್ಧ ಪ್ರೋಟೀನು. ಇವನ್ನು ಬಲೂನು ಎಂದು ಬಣ್ಣಿಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಇವನ್ನು ಯಾರೂ ಊದುವುದಿಲ್ಲ. ಗೋಡೆಯ ಒಳಮೈ ನೀರನ್ನು ದೂರವಿಡುತ್ತದೆ, ಅನಿಲ ತಾನಾಗಿ ಒಳಗೂ ಹೊರಗೂ ಸಂಚರಿಸುತ್ತದೆ. 1895ರಲ್ಲಿ ಕ್ಲೇಬಾನ್ ಎಂಬ ವಿಜ್ಞಾನಿ ತೇಲುವ ಸಯನೋಬ್ಯಾಕ್ಟೀರಿಯಾಗಳನ್ನು ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಅದರ ಮೇಲೆ ಸುತ್ತಿಗೆಯಿಂದ ಹೊಡೆದರು. ಒತ್ತಡಕ್ಕೆ ಕೋಶಿಕೆಗಳು ಕುಸಿದು, ತೇಲುತ್ತಿದ್ದದ್ದೆಲ್ಲ ಮುಳುಗಿತು. ಅಷ್ಟು ಅಗ್ಗದ, ಅಷ್ಟು ಸ್ಪಷ್ಟವಾದ ಪ್ರಯೋಗಗಳು ಹೆಚ್ಚಿಲ್ಲ.

ಕಾರ್ಬಾಕ್ಸಿಸೋಮ್, ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೋ ಕಿಣ್ವದ ಸುತ್ತ ಆ ಅನಿಲವನ್ನು ದಟ್ಟವಾಗಿಸುವ ಪ್ರೋಟೀನು ಪೆಟ್ಟಿಗೆ. ಮ್ಯಾಗ್ನೆಟೋಸೋಮ್ ಪೊರೆಯೊಳಗೆ ಬೆಳೆದ ಅಯಸ್ಕಾಂತೀಯ ಹರಳು. ಸಾಲಾಗಿ ನಿಂತು ದಿಕ್ಸೂಚಿಯಂತೆ ಕೋಶವನ್ನು ಭೂಮಿಯ ಕಾಂತಕ್ಷೇತ್ರದ ಗುಂಟ ತಿರುಗಿಸುತ್ತದೆ. ಪೊರೆಯೂ ನಿರ್ದಿಷ್ಟ ಕೆಲಸವೂ ಇರುವ ಇದನ್ನು ಕಣದಂಗವೆಂದು ಕರೆಯಲು ನನಗಂತೂ ಅಳುಕಿಲ್ಲ.

ಒಂದು ಎಚ್ಚರಿಕೆ. ಈ ಕಣಗಳ ಇಂಗ್ಲಿಷ್ ಹೆಸರಾದ ‘ಇನ್‌ಕ್ಲೂಷನ್ ಬಾಡಿ’ ಎಂದು ಹುಡುಕಿದರೆ ಬೇರೊಂದು ಸಂಗತಿಯೂ ಎದುರಾಗುತ್ತದೆ. ಇ. ಕೋಲಿಯಲ್ಲಿ ಹೊರಗಿನ ಜೀನನ್ನು ಸೇರಿಸಿ ಅತಿಯಾಗಿ ಪ್ರೋಟೀನು ಮಾಡಿಸಿದಾಗ, ಸರಿಯಾಗಿ ಮಡಚಿಕೊಳ್ಳದೆ ಗಂಟುಕಟ್ಟಿದ ಮುದ್ದೆಗಳಿಗೂ ಅದೇ ಹೆಸರು. ನಿಮ್ಮ ತ್ಯಾಜ್ಯದ ಊಹೆ ಅಲ್ಲಿಗಾದರೆ ಸುಮಾರಾಗಿ ಹೊಂದುತ್ತದೆ.